ಕಂದುಗಟ್ಟಿದ ಹಲ್ಲಿನ ಒಳಹೊಕ್ಕು ನೋಡಿದ್ದು

ಮುಂಡರಗಿ ಕಡೆಯಿಂದ ಧಾರವಾಡಕ್ಕೆ ಹಲ್ಲು ತೋರಿಸಲು ಬರುವವರ ದೂರು ಹೆಚ್ಚುಕಡಿಮೆ ಒಂದೇ: "ಎಷ್ಟ ತಿಕ್ಕಿದ್ರೂ ಕಲೆ ಹೋಗವಲ್ದ್ರಿ ಡಾಕ್ಟ್ರ." ತಿಕ್ಕಿದರೆ ಹೋಗುವ ಕಲೆ ಅದಲ್ಲ. ಆ ಭಾಗದ ಹಲವು ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5 ಕೊನೆಯ ಮಿತಿ ಎನ್ನುತ್ತದೆ ಭಾರತೀಯ ಮಾನಕ.

ಸ್ನಾತಕೋತ್ತರ ಪ್ರಬಂಧಕ್ಕೆ ವಿಷಯ ಹುಡುಕುವಾಗ ನನ್ನನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ಹಲ್ಲಿಗೆ ಬಲ ಬರಲಿ ಎಂದೇ ಪೇಸ್ಟಿಗೆ ಫ್ಲೋರೈಡ್ ಹಾಕುತ್ತಾರೆ. ಎನಾಮಲ್‌ನ (ಹಲ್ಲಿನ ಗಟ್ಟಿ ಹೊರಕವಚದ) ಹೈಡ್ರಾಕ್ಸಿಅಪಟೈಟ್ ಎಂಬ ಖನಿಜದ ಹರಳು, ಬಾಯಲ್ಲಿ ಆಮ್ಲ ಹೆಚ್ಚಿ ಪಿಎಚ್ ಸುಮಾರು 5.5ಕ್ಕೆ ಇಳಿದರೆ ಕರಗತೊಡಗುತ್ತದೆ. ಫ್ಲೋರೈಡ್ ಸೇರಿದ ಹರಳು 4.5ರ ತನಕ ತಡೆಯುತ್ತದೆ. ಹಾಗಿದ್ದೂ ಫ್ಲೋರೈಡ್ ಅತಿಯಾದ ಹಲ್ಲೇ ಏಕೆ ಚಕ್ಕೆ ಏಳುತ್ತದೆ?

ಭೌತಶಾಸ್ತ್ರ ಕಲಿಸುವ ಗೆಳೆಯರೊಬ್ಬರಿಗೆ ಕೇಳಿದೆ. "ಇಟ್ಟಂಗಿ ಗಟ್ಟಿ ಅಂದ್ರ ಗ್ವಾಡಿ ಗಟ್ಟಿ ಅಂತಲ್ರಿ ಮೇಡಂ, ನಡುವಿನ ಸಂದಿ ಎಷ್ಟದಾವ ನೋಡ್ರಿ" ಅಂದರು. ನನ್ನ ಇಡೀ ಕೆಲಸ ಆ ಮಾತಿನ ಮೇಲೆ ನಿಂತಿತು.

ನೈತಿಕ ಸಮಿತಿಯ ಅನುಮತಿ, ಪಾಲಕರ ಒಪ್ಪಿಗೆ ಪಡೆದು, ಕ್ಲಿಪ್ ಹಾಕಲು ಜಾಗ ಬೇಕೆಂದು ಕಿತ್ತ ಮುಂಡರಗಿ ಕಡೆಯ ಮಕ್ಕಳ ಹಲ್ಲುಗಳನ್ನು ಕೂಡಿಸಿದೆ. ಹೋಲಿಕೆಗೆ ಮಲಪ್ರಭಾ ನೀರು ಕುಡಿದು ಬೆಳೆದ ಹುಬ್ಬಳ್ಳಿ-ಧಾರವಾಡದ ಮಕ್ಕಳ ಹಲ್ಲು. ಕಿತ್ತ ಹಲ್ಲು ಒಣಗಬಾರದು, ಒಣಗಿದರೆ ಬಿರುಕು ಬಿಡುತ್ತದೆ. ಸೂಕ್ಷ್ಮಜೀವಿ ಬೆಳೆಯದಂತೆ ತಡೆಯುವ ಥೈಮಾಲ್ ಬೆರೆಸಿದ ನೀರಿನಲ್ಲಿಟ್ಟೆ. ವಜ್ರದ ಗರಗಸದಿಂದ ನೀರು ಬಿಡುತ್ತ ಉದ್ದಕ್ಕೆ ಸೀಳಿ, ಅಕ್ರಿಲಿಕ್‌ನಲ್ಲಿ ಕೂರಿಸಿ, ಸೀಳಿದ ಮುಖ ಕನ್ನಡಿಯಂತಾಗುವ ತನಕ ಉಜ್ಜಿದೆ.

ಗಡಸುತನ ಅಳೆಯಲು ವಿಕರ್ಸ್ ವಿಧಾನ. ವಜ್ರದ ಚೌಕ ಪಿರಮಿಡ್ಡನ್ನು ಗೊತ್ತಾದ ಭಾರದಿಂದ ಒತ್ತಿ, ಉಳಿದ ಗುಳಿಯ ಕರ್ಣ ಅಳೆಯುವುದು. ಗುಳಿ ದೊಡ್ಡದಾದಷ್ಟೂ ಗಡಸುತನ ಕಡಿಮೆ. ಇಲ್ಲಿ ಭಾರದ ಆಯ್ಕೆಯೇ ಎಲ್ಲ. ಗಡಸುತನ 300 ಇರುವ ಎನಾಮಲ್ ಮೇಲೆ 100 ಗ್ರಾಂ ಭಾರ ಸುಮಾರು 25 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್) ಕರ್ಣದ ಗುಳಿ ಮಾಡುತ್ತದೆ. ಗುಳಿಯಿಂದ ಗುಳಿಗೆ, ಗುಳಿಯಿಂದ ಅಂಚಿಗೆ ಕರ್ಣದ ಎರಡೂವರೆ ಪಟ್ಟಾದರೂ ಅಂತರ ಬೇಕು. ಅಷ್ಟು ಬಿಟ್ಟರೆ ನಾನು ನೋಡಬೇಕಾದ ತೆಳು ಹೊರಪದರವೇ ತಪ್ಪಿಹೋಗುತ್ತದೆ. 25 ಗ್ರಾಮಿಗೆ ಇಳಿಸಿದರೆ ಕರ್ಣ 12 ಮೈಕ್ರಾನ್. ಅಂಚಿಗೆ ಹತ್ತಿರ ಹೋಗಬಹುದು. ಆದರೆ ಕರ್ಣ ಓದುವಾಗ 1 ಮೈಕ್ರಾನ್ ಹೆಚ್ಚುಕಡಿಮೆಯಾದರೆ ಗಡಸುತನ ಶೇ. 16ರಷ್ಟು ಆಚೀಚೆ ಆಗುತ್ತದೆ. ಅದಕ್ಕೇ ಪ್ರತಿ ಗುಳಿಯನ್ನೂ ಇಬ್ಬರು, ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗದಂತೆ, ಓದಿದೆವು.

ಹೊರ ಅಂಚಿನಲ್ಲಿ ಎರಡೂ ಊರಿನ ಹಲ್ಲಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಒಂದೆರಡು ಗುಳಿ ಒಳಕ್ಕೆ ಸರಿದದ್ದೇ ತಡ, ಮುಂಡರಗಿಯ ಹಲ್ಲಿನಲ್ಲಿ ಗುಳಿ ಮೈಕ್ರೋಸ್ಕೋಪಿನಲ್ಲಿ ನೋಡಿದೊಡನೆ ತಿಳಿಯುವಷ್ಟು ದೊಡ್ಡದಾಯಿತು. ಎನಾಮಲ್ ಬಲಿಯುವಾಗ ಒಳಗಿನ ಪ್ರೋಟೀನ್ ಕರಗಿ ಹೊರಹೋಗಬೇಕು, ಆ ಜಾಗವನ್ನು ಖನಿಜ ತುಂಬಬೇಕು. ಫ್ಲೋರೈಡ್ ಅತಿಯಾದರೆ ಪ್ರೋಟೀನ್ ಹೋಗುವುದು ತಡವಾಗಿ ಸಂದಿಗಳು ಉಳಿಯುತ್ತವೆ. ಹಲ್ಲು ಹುಟ್ಟಿದ ಮೇಲೆ ಕಂದು ಬಣ್ಣ ಇಳಿಯುವುದೂ ಇದೇ ಸಂದಿಗಳಿಗೆ.

ಇದು ತಿಳಿದ ಮೇಲೆ ಕುರ್ಚಿಯ ಪಕ್ಕದ ನನ್ನ ಕೆಲಸವೂ ಬದಲಾಯಿತು. ಮೊದಲು ಹಲ್ಲಿಗೆ ಗಾಳಿ ಊದಿ ಒಣಗಿಸುತ್ತೇನೆ. ಎನಾಮಲ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.62, ನೀರಿನದು 1.33, ಗಾಳಿಯದು 1. ಸಂದಿಯಿಂದ ನೀರು ಹೋಗಿ ಗಾಳಿ ತುಂಬಿದಾಗ ಈ ಅಂತರ ಹೆಚ್ಚಿ, ಬೆಳಕು ಹೆಚ್ಚು ಚದುರಿ, ಮರೆಯಾಗಿದ್ದ ಬಿಳಿ ಮಚ್ಚೆ ಎದ್ದು ಕಾಣುತ್ತದೆ. ಕಲೆ ಮುಚ್ಚಲು ಹಲ್ಲಿನ ಬಣ್ಣದ ರೆಸಿನ್ ಅಂಟಿಸುವ ಮುನ್ನ, ಮೇಲ್ಮೈ ತರಿಯಾಗಲೆಂದು ಹಚ್ಚುವ ಶೇ. 37ರ ಫಾಸ್ಫಾರಿಕ್ ಆಮ್ಲಕ್ಕೆ ಇಂಥ ಹಲ್ಲಿನ ಹೊರಪದರ ಬೇಗ ಬಗ್ಗುವುದಿಲ್ಲ. ಹೆಚ್ಚು ಹೊತ್ತು ಬಿಡುತ್ತೇನೆ, ಇಲ್ಲವೆ ಆ ಪದರವನ್ನು ತುಸು ಉಜ್ಜಿ ತೆಗೆಯುತ್ತೇನೆ.

ಕಲೆಗೆ ಮದ್ದು ಮಾಡುವಾಗ ತಾಯಂದಿರು ಕೇಳುತ್ತಾರೆ, "ನೀರ ಕಾಸಿ ಕುಡಿಸಿದ್ರ ಸಣ್ಣಾಕಿಗೆ ಹಿಂಗ ಆಗಂಗಿಲ್ಲಲ್ರಿ?" ಕಾಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಹೊಳೆ ನೀರು, ಮಳೆ ನೀರು, ಆರ್‌ಓ ನೀರು, ಯಾವುದು ಸಿಕ್ಕರೆ ಅದನ್ನು ಎಂಟು ವರ್ಷದೊಳಗಿನ ಮಗುವಿಗೆ ಮೊದಲು ಕೊಡಿ, ಅಡುಗೆಗೂ ಅದನ್ನೇ ಬಳಸಿ ಎನ್ನುತ್ತೇನೆ.