‘ಬೆಳೆಸು’ ಎಲ್ಲಿ, ‘ಸಾಕು’ ಎಲ್ಲಿ, ‘ಕುಮ್ಮಕ್ಕು’ ಎಲ್ಲಿ? ಸರಿಯಾದ ಪದ ಆರಿಸುವುದು ಹೀಗೆ

ನಮ್ಮ ಅಣ್ಣನ ಮಗಳು ಹತ್ತನೇ ತರಗತಿ. ಬೀಳ್ಕೊಡುಗೆ ದಿನ ಮಾಸ್ತರರ ಬಗ್ಗೆ ಮಾತಾಡಬೇಕಿತ್ತು. ಬರೆದುಕೊಂಡು ಬಂದು, "ಕಾಕಾ, ಇದು ಸರಿ ಅದ ಏನ್ ನೋಡ್ರಿ" ಅಂದಳು. ಮೊದಲ ಸಾಲೇ ಹೀಗಿತ್ತು: "ನಮ್ಮನ್ನು ಅಭಿವೃದ್ಧಿಪಡಿಸಿದ ಗುರುಗಳೇ". ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಮಕ್ಕಳನ್ನು ಯಾರೂ ಅಭಿವೃದ್ಧಿಪಡಿಸುವುದಿಲ್ಲ ಅಲ್ವಾ? ಅದು ರಸ್ತೆಗೆ, ಬಡಾವಣೆಗೆ, ಕೆರೆಗೆ ಹೊಂದುವ ಮಾತು. ಕಲಬುರಗಿಯಲ್ಲೇ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ಇದೆ, ಆ ಹೆಸರಲ್ಲಿ ಪದ ಸರಿಯಾಗಿ ಕೂತಿದೆ. ಮಗುವಿನ ಮೇಲೆ ಕೂರುವುದಿಲ್ಲ. ಅವತ್ತು ಇಬ್ಬರೂ ಕೂತು ಒಂದೊಂದೇ ಪದ ಹಿಡಿದು ನೋಡಿದೆವು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ‘ಬೆಳೆಸು’ ನೋಡೋಣ. ಅದರ ಬೇರು ‘ಬೆಳೆ’. ಇದಕ್ಕೆ ‘ಸು’ ಸೇರಿದರೆ ಬೆಳೆಸು. ನಡೆ–ನಡೆಸು, ಬೆರೆ–ಬೆರೆಸು ಇದ್ದ ಹಾಗೆಯೇ. ತಾನಾಗಿ ಆಗುವುದು ಬೆಳೆಯುವುದು, ಇನ್ನೊಬ್ಬರು ಕೈ ಹಚ್ಚಿ ಆಗಿಸುವುದು ಬೆಳೆಸುವುದು. ಹೊಲದಲ್ಲಿ ಮಾತ್ರ ಒಂದು ವಿಶೇಷ ಇದೆ. ತೊಗರಿ ಬೆಳೆಯುತ್ತದೆ, ರೈತನೂ ತೊಗರಿ ಬೆಳೆಯುತ್ತಾನೆ. ಎರಡೂ ಸರಿ. ಆದರೆ ತಾಯಿ ಮಗುವನ್ನು ‘ಬೆಳೆಯುತ್ತಾಳೆ’ ಎಂದು ಹೇಳಲು ಬರುವುದಿಲ್ಲ, ಬೆಳೆಸುತ್ತಾಳೆ ಎಂದೇ ಹೇಳಬೇಕು. ಬರೆಯುವಾಗ ‘ಳೆ’ ಬಿಡಬೇಡಿ. ನಾವು ಮಾತಾಡುವಾಗ ‘ಬೆಳಸು’ ಅಂತೀವಿ, ಆದರೆ ಹಳೆಯ ಕನ್ನಡದಲ್ಲಿ ಬೆಳಸು ಎಂದರೆ ಪೈರು.

ಈ ಪದದ ಹರವು ದೊಡ್ಡದು. ಗಡ್ಡ ಬೆಳೆಸುತ್ತಾರೆ, ಸ್ನೇಹ ಬೆಳೆಸುತ್ತಾರೆ, ಬೀಗತನ ಬೆಳೆಸುತ್ತಾರೆ, ಪ್ರಯಾಣ ಬೆಳೆಸುತ್ತಾರೆ. "ಸುಮ್ನೆ ಮಾತು ಬೆಳೆಸಬೇಡ" ಅಂದರೆ ಜಗಳ ದೊಡ್ಡದು ಮಾಡಬೇಡ ಅಂತ. ಹಾಗಾಗಿ ಯಾವ ಪದ ಹಾಕಬೇಕು ತಿಳಿಯದಿದ್ದರೆ ಬೆಳೆಸು ಹಾಕಿ, ಮುಕ್ಕಾಲು ಪಾಲು ಸರಿಹೋಗುತ್ತದೆ. ತಪ್ಪುವುದು ಒಂದು ಕಡೆ: ಅಭ್ಯಾಸ, ಗುಣದಂಥದ್ದನ್ನು ತನ್ನಲ್ಲಿ ತಾನೇ ತಂದುಕೊಳ್ಳುವುದಾದರೆ ಬೆಳೆಸಿಕೊಳ್ಳು. "ಮಕ್ಕಳಲ್ಲಿ ಓದುವ ಅಭ್ಯಾಸ ಬೆಳೆಸಿ" ಎಂದು ಅಪ್ಪ ಅವ್ವನಿಗೆ ಹೇಳಬೇಕು, "ಓದುವ ಅಭ್ಯಾಸ ಬೆಳೆಸಿಕೊಳ್ಳಿ" ಎಂದು ಮಕ್ಕಳಿಗೆ. ಭಿತ್ತಿಪತ್ರಗಳಲ್ಲಿ ಇವೆರಡೂ ಅದಲುಬದಲಾಗಿದ್ದನ್ನು ನಾನು ಬಹಳ ಸಲ ನೋಡಿದ್ದೇನೆ.

ಇನ್ನು ಸಮಾನಾರ್ಥಕಗಳು. ಪಟ್ಟಿ ಬಾಯಿಪಾಠ ಮಾಡಿದರೆ ಉಪಯೋಗ ಇಲ್ಲ, ಪರೀಕ್ಷೆಯಲ್ಲಿ ಒಂದು ಅಂಕ ಬರಬಹುದು ಅಷ್ಟೇ. ನಾನು ಮಾಡುವುದು ಇಷ್ಟು: ವಾಕ್ಯದಲ್ಲಿ ‘ಹತ್ತು ವರ್ಷ’ ಸೇರಿಸಿ ಓದುತ್ತೇನೆ. "ಹತ್ತು ವರ್ಷ ಸಾಕಿದಳು" ಸಹಜವಾಗಿದೆ. "ಹತ್ತು ವರ್ಷ ಪೋಷಿಸಿದರು" ಇದೂ ಸರಿ. "ಹತ್ತು ವರ್ಷ ಹುರಿದುಂಬಿಸಿದರು" ಅನ್ನುವಾಗ ಕಿವಿಗೆ ಏನೋ ತಡೆಯುತ್ತದೆ. ಯಾಕಂದರೆ ಹುರಿದುಂಬಿಸುವುದು, ಬೆನ್ನು ತಟ್ಟುವುದು ಆ ಹೊತ್ತಿನ ಕೆಲಸ. ಕಬಡ್ಡಿ ಅಂಕಣದ ಪಕ್ಕ ನಿಂತು ಕೂಗುವವರು ಹುರಿದುಂಬಿಸುತ್ತಾರೆ, ಆ ಹುಡುಗನನ್ನು ಬೆಳೆಸಿದವರು ಬೇರೆಯೇ ಇರುತ್ತಾರೆ. ಪ್ರೋತ್ಸಾಹಿಸು ಇವೆರಡರ ನಡುವೆ ಇದೆ, ಮಾತಿನಿಂದಲೂ ಆಗುತ್ತದೆ, ದುಡ್ಡಿನಿಂದಲೂ ಆಗುತ್ತದೆ. ಹಾಲಿನ ಲೀಟರಿಗೆ ಸರ್ಕಾರ ಕೊಡುವುದನ್ನು ಅದಕ್ಕೇ ಪ್ರೋತ್ಸಾಹಧನ ಅನ್ನುವುದು.

ಸಾಕು ಮತ್ತು ಪೋಷಿಸು ಒಂದೇ ಅಂದುಕೊಳ್ಳಬೇಡಿ. ಸಾಕುವುದರಲ್ಲಿ ಅನ್ನ ಹಾಕುವುದು ಮುಖ್ಯ, ಎಮ್ಮೆ ಸಾಕುತ್ತೇವೆ, ಹೆರದೆ ಎತ್ತಿ ಆಡಿಸಿದವಳು ಸಾಕುತಾಯಿ. ಪೋಷಿಸುವುದರಲ್ಲಿ ಆಸರೆಯೂ ಬಂತು, ಗೌರವವೂ ಬಂತು. ಸೇಡಂ ತಾಲ್ಲೂಕಿನ ಮಳಖೇಡ 9ನೇ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿ, ಅಲ್ಲಿ ಅಮೋಘವರ್ಷ ನೃಪತುಂಗ ಕವಿಗಳನ್ನು ಪೋಷಿಸಿದ ಎಂದು ಬರೆಯುತ್ತೇವೆ. ಸಾಕಿದ ಎಂದು ಬರೆದರೆ ಕವಿಗೂ ಅವಮಾನ, ದೊರೆಗೂ ಅವಮಾನ. ಸಲಹು ಹೆಚ್ಚಾಗಿ ದೇವರ ಮುಂದೆ ಬರುವ ಮಾತು, ಪೊರೆ ಈಗ ಕವಿತೆಯಲ್ಲಿ ಮಾತ್ರ.

ಎಚ್ಚರ ಬೇಕಾದದ್ದು ಕುಮ್ಮಕ್ಕಿನ ಬಗ್ಗೆ. ಒಂದು ಊರಿನ ಸನ್ಮಾನ ಪತ್ರದಲ್ಲಿ "ಯುವಕರಿಗೆ ಸದಾ ಕುಮ್ಮಕ್ಕು ನೀಡಿದ ಹಿರಿಯರು" ಎಂದು ಅಚ್ಚಾಗಿತ್ತು. ಅದನ್ನು ಓದಿದಾಗ ಆ ಅಜ್ಜನ ಮುಖ ಬಾಡಿದ್ದು ಇನ್ನೂ ನನ್ನ ಕಣ್ಣಲ್ಲಿದೆ. ಉರ್ದುವಿನ ಕುಮಕ್ ಎಂದರೆ ನೆರವು, ಸಹಾಯಕ್ಕೆ ಬಂದ ದಂಡು. ಅಲ್ಲಿ ಕೆಟ್ಟದ್ದೇನಿಲ್ಲ. ಆದರೆ ಕನ್ನಡದಲ್ಲಿ ಜಗಳಕ್ಕೆ, ಕಳ್ಳತನಕ್ಕೆ, ಗಲಾಟೆಗೆ ಹಿಂದಿನಿಂದ ತಳ್ಳುವುದು ಕುಮ್ಮಕ್ಕು. ಪ್ರಚೋದಿಸು ಕೂಡ ಹೆಚ್ಚುಕಡಿಮೆ ಅದೇ ದಾರಿ. ಇಂಬು ಕೊಡು ಎಂದರೆ ಜಾಗ ಕೊಡುವುದು, ಅದೂ ಈಗ "ಊಹಾಪೋಹಕ್ಕೆ ಇಂಬು" ಎಂಬಂಥ ಕಡೆಯೇ ಜಾಸ್ತಿ ಕಾಣುತ್ತದೆ. ನೀರೆರೆ ಮಾತ್ರ ಎರಡೂ ಕಡೆ ನಡೆಯುತ್ತದೆ, ಪ್ರತಿಭೆಗೂ ನೀರೆರೆಯಬಹುದು, ದ್ವೇಷಕ್ಕೂ ನೀರೆರೆಯಬಹುದು.

ನಮ್ಮ ಭಾಗದ ಮಾತುಗಳನ್ನೂ ಬರವಣಿಗೆಗೆ ತನ್ನಿ, ದಯವಿಟ್ಟು. ಜೋಪಾನ ಮಾಡು, ಜತನ ಮಾಡು. ಮರಾಠಿಯಲ್ಲೂ ಇರುವ ಈ ಜತನ ಬೀದರ ಕಡೆ ಚೆನ್ನಾಗಿ ಬಳಕೆಯಲ್ಲಿದೆ. ನಮ್ಮ ಆಯಿ ‘ಬೆಳೆಸಿದೆ’ ಎಂದು ಒಂದು ದಿನವೂ ಅಂದವಳಲ್ಲ. "ನಾಕು ಮಂದೀನ ದೊಡ್ಡವ್ರನ್ನ ಮಾಡೀನಿ" ಅನ್ನುತ್ತಿದ್ದಳು. ಇದಕ್ಕಿಂತ ನೇರವಾದ ಪದ ನನಗೆ ಯಾವ ನಿಘಂಟಿನಲ್ಲೂ ಸಿಕ್ಕಿಲ್ಲ.

ಕೊನೆಗೆ ಚಿವುಟು. ಮೊಳಕೆಯಲ್ಲೇ ಚಿವುಟು ಎಂದರೆ ಬೆಳೆಯಲು ಬಿಡದಿರುವುದು, ಬೆಳೆಸುವುದರ ತದ್ವಿರುದ್ಧ. ಆದರೆ ತೊಗರಿ ಹೊಲಕ್ಕೆ ಬಂದು ನೋಡಿ. ಬಿತ್ತಿ ಸುಮಾರು 50 ದಿನಕ್ಕೆ, ಹೂವು ಬರುವ ಮೊದಲು, ಗಿಡದ ತುದಿಯ ಕುಡಿ ಚಿವುಟುತ್ತಾರೆ, ಈಗ ಅದಕ್ಕೆ ಬ್ಯಾಟರಿ ಯಂತ್ರವೂ ಬಂದಿದೆ. ತುದಿ ಹೋದ ಗಿಡ ಮೇಲಕ್ಕೆ ಓಡುವುದು ಬಿಟ್ಟು ಪಕ್ಕಕ್ಕೆ ಕವಲೊಡೆಯುತ್ತದೆ, ಕವಲು ಹೆಚ್ಚಿದಷ್ಟೂ ಕಾಯಿಗೆ ಜಾಗ ಹೆಚ್ಚು. ಹಾಗಾಗಿ ‘ಕುಡಿ ಚಿವುಟು’ ಎಂದು ಬರೆದರೆ ನಮ್ಮ ರೈತರು ಒಳ್ಳೆಯದನ್ನೇ ಓದಿಕೊಳ್ಳುತ್ತಾರೆ, ‘ಮೊಳಕೆ ಚಿವುಟು’ ಎಂದರೆ ಯಾರಿಗೂ ಒಳ್ಳೆಯದಲ್ಲ.

ಇದನ್ನು ಹೇಳಿದಾಗ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವರ ಮಾಸ್ತರರು ಬಹಳ ಬೈಯುತ್ತಿದ್ದರಂತೆ, ಬೈದ ಮೇಲೆ ಸಂಜೆ ಕೂರಿಸಿಕೊಂಡು ಅದೇ ಲೆಕ್ಕ ಮತ್ತೆ ಹೇಳಿಕೊಡುತ್ತಿದ್ದರಂತೆ. ಆಮೇಲೆ ಮೊದಲ ಸಾಲು ಹೊಡೆದು ಹಾಕಿ ಬರೆದಳು: "ನಮ್ಮನ್ನು ತಿದ್ದಿ ತೀಡಿ ಬೆಳೆಸಿದ ಗುರುಗಳೇ".