ಹಿಂಬದಿಯ ಪ್ಲೇಟ್ (ಲೀಫ್ ಸ್ಪ್ರಿಂಗ್) ಬದಲಿಸಿ ಪಿಕಪ್ ಎರಡು ಇಂಚು ಎತ್ತಿದ್ದು: ನನ್ನ ಅನುಭವ

"ಎತ್ತರ ಬೇಕಂದ್ರೆ ಸೊಂಟದ ಆಸೆ ಬಿಡಿ ಸಾರ್." ಸಕಲೇಶಪುರದ ಗ್ಯಾರೇಜುಗಳಲ್ಲಿ ನಾನು ಮೂರು ವರ್ಷ ಕೇಳಿದ ಮಾತು ಇದು. ಪ್ಲೇಟ್ ಬದಲಿಸಿ ಗಾಡಿ ಎತ್ತಿದರೆ ಕುಲುಕಾಟಕ್ಕೆ ಸೊಂಟ ಹೋಗುತ್ತದೆ ಅಂತ. ಈಗ ಎರಡು ಮಳೆಗಾಲ ಕಳೆದಿದೆ. ಗಾಡಿ ಹಿಂದೆ ಎರಡು ಇಂಚು ಎತ್ತರಕ್ಕೇ ನಿಂತಿದೆ, ಮೂಟೆ ಹೊರುತ್ತಿದೆ, ನನ್ನ ಸೊಂಟವೂ ಚೆನ್ನಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಡಬಲ್ ಕ್ಯಾಬ್, ಫೋರ್ ವೀಲ್ ಡ್ರೈವ್. ಕೆಲಸ ಹಾನುಬಾಳು ಕಡೆಯ ಕಾಫಿ ತೋಟದಲ್ಲಿ. ಜೂನ್ ಬಂತೆಂದರೆ ಟ್ರ್ಯಾಕ್ಟರ್ ಓಡಾಡಿ ದಾರಿಯಲ್ಲಿ ಮೊಣಕಾಲುದ್ದ ಜಾಡು ಬೀಳುತ್ತದೆ. ಹಳ್ಳ ಹತ್ತುವಾಗ ಹಿಂದಿನ ಬಂಪರ್ರೂ ಸ್ಟೆಪ್ನಿಯೂ ನೆಲ ಕೆರೆಯುತ್ತಿದ್ದವು. ಪ್ಲೇಟ್ ಎತ್ತಿದರೆ ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರ್ ಗುಂಡು) ಒಂದು ನೂಲೂ ಮೇಲೆ ಬರುವುದಿಲ್ಲ, ಅದಕ್ಕೆ ಟಯರೇ ದೊಡ್ಡದಾಗಬೇಕು. ನನಗೆ ಬೇಕಿದ್ದದ್ದು ಬಾಡಿ ಎತ್ತರ ಮಾತ್ರ.

ಮೊದಲು ಹಳೆ ಪ್ಲೇಟನ್ನೇ ಬಿಚ್ಚಿಸಿ, ಸುತ್ತಿಗೆಯಲ್ಲಿ ಹೊಡೆಸಿ ಕಮಾನು ಎತ್ತಿಸಿದೆ. ಎರಡು ಸಾವಿರದೊಳಗೆ ಮುಗಿಯಿತು. ನಾಲ್ಕೇ ತಿಂಗಳಲ್ಲಿ ಮತ್ತೆ ಮಲಗಿತು. ಆಮೇಲೆ ಉದ್ದದ ಶಾಕಲ್, ಅಂದರೆ ಪ್ಲೇಟಿನ ಹಿಂತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ. ಎರಡು ಇಂಚು ಉದ್ದ ಮಾಡಿದರೆ ಸಿಗುವುದು ಒಂದೇ ಇಂಚು, ಅದು ಗೊತ್ತಿತ್ತು. ಆದರೆ ಡಿಫರೆನ್ಷಿಯಲ್ ಮೂತಿ ಮೇಲಕ್ಕೆ ತಿರುಗಿ, 60ರ ವೇಗದಲ್ಲಿ ಸೀಟಿನಡಿ ನಡುಕ ಶುರುವಾಯಿತು. ಪ್ರೊಪೆಲರ್ ಶಾಫ್ಟಿನ ಕೀಲಿನ ಕ್ರಾಸ್ ಒಂದು ಹೋಯಿತು. ಅದನ್ನೂ ಕಿತ್ತು ಹಾಕಿದೆ.

ಮೂರನೆಯದು ಎಲ್ಲರೂ ಮಾಡುವ ಕೆಲಸ. ಲಾರಿಯ ದಪ್ಪ ಪ್ಲೇಟ್ ಒಂದನ್ನು ಕತ್ತರಿಸಿ ಮಧ್ಯೆ ಸೇರಿಸುವುದು. ಎತ್ತರ ಬಂತು. ಖಾಲಿ ಗಾಡಿ ಮಾತ್ರ ಎತ್ತಿನ ಗಾಡಿಯಂತೆ ಕುಣಿಯಿತು. ಹಿಂದೆ ಕೂತ ನಮ್ಮಮ್ಮ ಬಾಳ್ಳುಪೇಟೆಯಲ್ಲೇ ಇಳಿದು ಬಸ್ ಹತ್ತಿದರು.

ದೊಡ್ಡ ಪೆಟ್ಟು ನಾಲ್ಕನೆಯದು. ಹೊರದೇಶದ ರೆಡಿ ಕಿಟ್, ಸುಮಾರು 60 ಸಾವಿರ. ಡಬ್ಬದ ಮೇಲೆ ಎಷ್ಟು ಇಂಚು ಎತ್ತುತ್ತದೆ ಅನ್ನೋದನ್ನು ಮಾತ್ರ ನೋಡಿದೆ. ಅದು ಸದಾ 300 ಕೆಜಿಗಿಂತ ಜಾಸ್ತಿ ಹೊರುವ ಗಾಡಿಗೆ ಮಾಡಿದ್ದು ಅನ್ನುವುದು ಹಾಕಿದ ಮೇಲೆ ಅರ್ಥವಾಯಿತು. ಖಾಲಿ ಗಾಡಿ ನಾಲ್ಕು ಇಂಚು ಎದ್ದು ಕೂತಿತು. ಕೊನೆಗೆ 38 ಸಾವಿರಕ್ಕೆ ಮಾರಿದೆ. ಆ 22 ಸಾವಿರ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಹೊಳೆದದ್ದು ವೇ ಬ್ರಿಡ್ಜ್. ಹಿಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಕ ಮಾಡಿಸಿದೆ. ಖಾಲಿ ಗಾಡಿಗೆ 820 ಕೆಜಿ ಹತ್ತಿರ. ಸ್ಪ್ರೇ ಮೋಟಾರು, ಡೀಸೆಲ್ ಕ್ಯಾನು, ಇಬ್ಬರು ಆಳು ಸೇರಿದರೆ 970. ಕೊಯ್ಲಿನಲ್ಲಿ ಎಂಟು ಮೂಟೆ ಹಾಕಿದಾಗ 1200ಕ್ಕೆ ಸ್ವಲ್ಪ ಕಡಿಮೆ. ವರ್ಷದಲ್ಲಿ ಮುನ್ನೂರು ದಿನ ನನ್ನ ಗಾಡಿ ಹೊರುವುದು ಬರೀ 150 ಕೆಜಿ! ಮೂಟೆ ಹೊರುವುದು ಎರಡು ತಿಂಗಳು ಅಷ್ಟೇ. ನಾನು ಆ ಎರಡು ತಿಂಗಳಿಗಾಗಿ ಪ್ಲೇಟ್ ಆರಿಸುತ್ತಿದ್ದೆ, ಮುನ್ನೂರು ದಿನ ಒದೆ ತಿನ್ನುತ್ತಿದ್ದೆ.

ಹಾಸನದಲ್ಲಿ ಪ್ಲೇಟ್ ಮಾಡುವ ಹಳೆಯ ಕಮಾನು ಅಂಗಡಿಯೊಂದಿದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಕಮಾನು ಕೊಟ್ಟು, ಎಣ್ಣೆಗೆ ಅದ್ದಿ, ಮತ್ತೆ ಹದ ಮಾಡುವವರು. ಸುತ್ತಿಗೆಯಲ್ಲಿ ಹೊಡೆಯುವವರಲ್ಲ. ಕಂಪನಿ ಸೆಟ್‌ನಲ್ಲಿ 8 ಎಂಎಂ ಪ್ಲೇಟ್ ಮೂರು, ಅಡಿಯಲ್ಲಿ ದಪ್ಪನೆಯ ಚಪ್ಪಟೆ ಪ್ಲೇಟ್ ಒಂದು. ನಾನು ಬರೆಸಿದ್ದು ಮೇನ್ ಪ್ಲೇಟ್ ಒಂದೇ 8, ಅದರಡಿ 6 ಎಂಎಂ ನಾಲ್ಕು, ಚಪ್ಪಟೆಯದು ಹಾಗೇ ಇರಲಿ ಅಂತ.

ಅಂಗಡಿಯ ಹಿರಿಯರು ಚೀಟಿ ನೋಡಿ "ಇದು ಮೂಟೆ ಹೊರಲ್ಲ ಕಣಪ್ಪ" ಅಂದರು. ನನ್ನ ಲೆಕ್ಕ ಬೇರೆ. ಪ್ಲೇಟಿನ ದಪ್ಪ ಎರಡರಷ್ಟಾದರೆ ಗಡಸು ಎಂಟರಷ್ಟಾಗುತ್ತದೆ. ಆ ಲೆಕ್ಕದಲ್ಲಿ ನನ್ನ ಐದು ಪ್ಲೇಟ್ ಹಳೆ ಮೂರಕ್ಕಿಂತ ಹತ್ತರಲ್ಲಿ ಒಂದು ಪಾಲು ಮೆತ್ತಗೆ. ಎರಡು ಇಂಚು ಕುಸಿದ ಮೇಲೆ ಚಪ್ಪಟೆ ಪ್ಲೇಟ್ ಹೆಗಲು ಕೊಡುತ್ತದೆ, ಮೂಟೆ ಹೊರುವುದು ಅದು. ಅವರಿಗೆ ನಂಬಿಕೆ ಬರಲಿಲ್ಲ. ಆದರೂ ಮಾಡಿಕೊಟ್ಟರು, ದೊಡ್ಡ ಮನಸ್ಸು. ಪ್ಲೇಟ್ ತುದಿಯ ರಬ್ಬರ್ ಬುಷ್, ಸೆಂಟರ್ ಬೋಲ್ಟ್, ಪ್ಲೇಟನ್ನು ಆಕ್ಸಲ್‌ಗೆ ಬಿಗಿಯುವ ಹೊಸ ಯು ಬೋಲ್ಟ್, ಕೂಲಿ ಎಲ್ಲ ಸೇರಿ 21-22 ಸಾವಿರ. ನಮ್ಮದರಲ್ಲಿ ಪ್ಲೇಟ್ ಆಕ್ಸಲ್ ಮೇಲೆ ಕೂರುವುದರಿಂದ ಕಂತೆ ದಪ್ಪವಾದಷ್ಟೂ, ಅಂದರೆ ಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ, ಎತ್ತರ ಪುಕ್ಕಟೆ ಸಿಕ್ಕಿತು.

ಹೊಸ ಪ್ಲೇಟ್ ಒಂದೆರಡು ತಿಂಗಳಲ್ಲಿ ಕೂರುತ್ತದೆ. ಅದಕ್ಕೆ ಎಷ್ಟು ಕಮಾನು ಜಾಸ್ತಿ ಬಿಡಿಸಿದೆ, ಎಡ ಬಲಕ್ಕೆ ಎಷ್ಟು ವ್ಯತ್ಯಾಸ ಕೊಡಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ನಾಲ್ಕು ಸಲ ದುಡ್ಡು ಕಳೆದು ಕಲಿತದ್ದು.

ಬುಷ್ ಬೋಲ್ಟನ್ನು ಗಾಡಿ ಜಾಕಿ ಮೇಲಿದ್ದಾಗ ಬಿಗಿ ಮಾಡಬೇಡಿ. ಚಕ್ರ ನೆಲಕ್ಕಿಳಿದು ಭಾರ ಕೂತ ಮೇಲೆ ಬಿಗಿ ಮಾಡಿ, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡು ಹರಿಯುತ್ತದೆ. ಯು ಬೋಲ್ಟನ್ನು 100 ಕಿ.ಮೀ. ಓಡಿದ ಮೇಲೆ ಒಮ್ಮೆ, 500 ಓಡಿದ ಮೇಲೆ ಒಮ್ಮೆ ಮತ್ತೆ ಬಿಗಿ ಮಾಡಿದೆ. ಎರಡು ಸಲವೂ ಕಾಲು ಸುತ್ತು ಹಿಡಿಯಿತು.

ಮೊದಲ ವಾರ ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಮೂತಿ ಧುಮುಕುತ್ತಿತ್ತು, ಹಿಂದೆ ಹಿಡಿತವೇ ಇಲ್ಲ. ಗುಂಡ್ಯದಲ್ಲಿ ನಿಲ್ಲಿಸಿ ಅಡಿಗೆ ನುಗ್ಗಿದೆ. ಚಾಸಿಯಿಂದ ಆಕ್ಸಲ್‌ಗೆ ಬರುವ ಬ್ರೇಕ್ ವಾಲ್ವಿನ ಸಣ್ಣ ರಾಡ್ ಪೂರ್ತಿ ಕೆಳಕ್ಕೆ ಎಳೆದುಕೊಂಡಿತ್ತು. ಬಾಡಿ ಎದ್ದಾಗ ವಾಲ್ವು ಗಾಡಿ ಖಾಲಿ ಇದೆ ಅಂತ ತಿಳಿದು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಆಕ್ಸಲ್ ಕಡೆಯ ಬ್ರಾಕೆಟ್ಟನ್ನು ಎತ್ತಿದಷ್ಟೇ ಮೇಲೆ ತಂದೆ, ಸರಿಹೋಯಿತು. ಗಾಡಿ ಎತ್ತುವವರು ಇದೊಂದನ್ನು ದಯವಿಟ್ಟು ಮರೆಯಬೇಡಿ. ಬ್ರೇಕ್ ಹೋಸ್ ಉದ್ದವನ್ನೂ ನೋಡಿಕೊಳ್ಳಿ.

ಪ್ರೊಪೆಲರ್ ಶಾಫ್ಟಿನ ನಡುವೆ ಇರುವ ಸೆಂಟರ್ ಬೇರಿಂಗ್ ಹತ್ತಿರ ಸ್ವಲ್ಪ ನಡುಕ ಇತ್ತು. ಅಡಿಗೆ ವಾಷರ್ ಕೊಟ್ಟು 8 ಎಂಎಂ ಇಳಿಸಿದ ಮೇಲೆ ನಿಂತಿತು.

ನಡುವೆ ಪ್ಲೇಟಿನ ಸದ್ದು, ತುಕ್ಕು ತಡೆಯಲು ಇನ್ನೊಂದು ಪ್ರಯೋಗ ಮಾಡಿದೆ. ಪ್ಲೇಟಿಗೆ ಗ್ರೀಸ್ ಹಚ್ಚಿ, ಒಂದು ಕಡೆ ಸೈಕಲ್ ಟ್ಯೂಬ್ ಸುತ್ತಿದೆ. ಇನ್ನೊಂದು ಕಡೆ ಟ್ಯೂಬಿಲ್ಲದೆ, ಪ್ಲೇಟುಗಳ ತುದಿಯಲ್ಲಿ ನೀರಿನ ಕಪ್ಪು ಪೈಪಿನ ಚೂರು ಕತ್ತರಿಸಿ ಇಟ್ಟೆ. ಆಗಸ್ಟ್‌ನಲ್ಲಿ ಬಿಚ್ಚಿದರೆ ಟ್ಯೂಬಿನೊಳಗೆ ಕೆಂಪು ಕೆಸರು ತುಂಬಿ ಪ್ಲೇಟ್ ತುಕ್ಕು ಹಿಡಿದಿತ್ತು. ಪೈಪಿನ ಚೂರು ಇಟ್ಟ ಕಡೆ ಸದ್ದೂ ಇಲ್ಲ, ತುಕ್ಕೂ ಇಲ್ಲ. ಈಗ ಎರಡೂ ಕಡೆ ಪೈಪೇ.

ಹೋದ ಜನವರಿಯಲ್ಲಿ ಎಂಟು ಮೂಟೆ ಹಾಕಿ ಟೇಪು ಹಿಡಿದೆ. ಗಾಡಿ ಹೊಸದರಲ್ಲಿ ಖಾಲಿ ನಿಲ್ಲುತ್ತಿದ್ದ ಎತ್ತರಕ್ಕಿಂತ ಅರ್ಧ ಇಂಚು ಚಿಲ್ಲರೆ ಕೆಳಗೆ, ಅಷ್ಟೇ. ಅಮ್ಮ ಹಾಸನದವರೆಗೂ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿಕೊಂಡು ಬರುತ್ತಾರೆ. ಸೊಂಟದ ಆಸೆ ಬಿಡಿ ಅಂದಿದ್ದ ಗ್ಯಾರೇಜಿನವರು ಮೊನ್ನೆ ಅಳತೆ ಚೀಟಿ ಕೇಳಿದರು. ಕೊಡುತ್ತೇನೆ, ಮೊದಲು ನಿಮ್ಮ ಗಾಡಿಯ ಹಿಂದಿನ ಚಕ್ರ ತೂಕ ಮಾಡಿಸಿಕೊಂಡು ಬನ್ನಿ ಅಂದೆ.