ನೋಡಿಕೊಳ್ಳುವವಳು ಮೊದಲು ನೆಟ್ಟಗಿರಬೇಕು

ನಮ್ಮ ಯಜಮಾನರಿಗೆ ಅಲ್ಜೈಮರ್ಸ್, ಅಂದರೆ ನೆನಪು, ತಿಳುವಳಿಕೆ ಕ್ರಮೇಣ ಅಳಿಸಿಹೋಗುವ ಮಿದುಳಿನ ಕಾಯಿಲೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ಈಗ ಸಂಜೆಯಾದರೆ ನನ್ನನ್ನೇ "ನೀವು ಯಾರಮ್ಮ?" ಅನ್ನುತ್ತಾರೆ. ಬೆಂಗಳೂರಿನಲ್ಲಿ ನಾವಿಬ್ಬರೇ ಇರೋದು, ಮಗಳು ಪುಣೆಯಲ್ಲಿ. ನನ್ನ ಹಾಗೇ ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಿರುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಯಾರೂ ಬಾಯಿಬಿಟ್ಟು ಹೇಳದ ವಿಷಯ ಮೊದಲು. ಈ ಕಾಯಿಲೆಯಲ್ಲಿ ಕೆಲವರು ಕೈ ಎತ್ತುತ್ತಾರೆ. ನಮ್ಮವರು ಯಾರಿಗೂ ಒಂದು ಏಟು ಹೊಡೆದವರಲ್ಲ, ಆದರೆ ಸ್ನಾನಕ್ಕೆ ಅಂತ ಅಂಗಿ ಬಿಚ್ಚಲು ಹೋದರೆ ಯಾರೋ ಗೊತ್ತಿಲ್ಲದ ಹೆಂಗಸು ಮೈಮೇಲೆ ಬಂದಳು ಅಂತ ಹೆದರಿ ತಳ್ಳಿಬಿಡುತ್ತಾರೆ. ಅದು ಕಾಯಿಲೆ ಮಾಡಿಸೋದು, ಅವರಲ್ಲ. ಹಾಗಂತ ಏಟು ತಿನ್ನುತ್ತಾ ನಿಲ್ಲಬೇಕಾ? "ಹೆಂಡತಿ ಅಂದಮೇಲೆ ಸಹಿಸಿಕೊಳ್ಳಬೇಕು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಬಿದ್ದು ಸೊಂಟ ಮುರಿದುಕೊಂಡರೆ ಇಬ್ಬರಿಗೂ ಗತಿ ಯಾರು? ಅದಕ್ಕೇ ಅವರ ಎದುರಿಗೆ ನಿಲ್ಲದೆ ಪಕ್ಕದಲ್ಲಿ, ಬಾಗಿಲ ಕಡೆಗೆ ನಿಲ್ಲುತ್ತೇನೆ. ಸ್ಟೂಲ್ ಮೇಲೆ ಕೂರಿಸಿ ಚೊಂಬನ್ನು ಅವರ ಕೈಗೇ ಕೊಡುತ್ತೇನೆ. ದನಿ ಏರಿತೋ, ವಾದ ಮಾಡದೆ ಅವರು ಕಣ್ಣಿಗೆ ಕಾಣುವಷ್ಟು ದೂರಕ್ಕೆ ಸರಿಯುತ್ತೇನೆ. ಸ್ವಲ್ಪ ಹೊತ್ತಿಗೆ ಮರೆತಿರುತ್ತಾರೆ. ಆಗಲೂ ಒಪ್ಪದಿದ್ದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಆಯಿತು, ಅವತ್ತಿಗೆ ಸಾಕು.

ಅವರು ಒಳಗೆ ಸಿಕ್ಕಿಹಾಕಿಕೊಳ್ಳದಿರಲಿ ಅಂತ ಬಚ್ಚಲಿನ ಒಳಚಿಲಕ ತೆಗೆಸಿದ್ದೇನೆ, ಬೇಕಾದಾಗ ನಾನು ಒಳಗೆ ಹೋಗಿ ಹಾಕಿಕೊಳ್ಳಲು ಒಂದು ರೂಮಿಗೆ ಮಾತ್ರ ಚಿಲಕ ಬಿಟ್ಟಿದ್ದೇನೆ. ಈಳಿಗೆಮಣೆ, ಚಾಕು ಬೀಗದ ಕಪಾಟಿನಲ್ಲಿ. ರಾತ್ರಿ ಗ್ಯಾಸ್ ರೆಗ್ಯುಲೇಟರ್ ಆಫ್. ಮೊಬೈಲ್ ಸದಾ ನನ್ನ ಸೊಂಟದಲ್ಲಿ. ಪಕ್ಕದ ಮನೆಯವರಿಗೆ ಏನನ್ನೂ ಮುಚ್ಚಿಡದೆ ಹೇಳಿ ಒಂದು ಕೀಲಿಯನ್ನೂ ಕೊಟ್ಟಿದ್ದೇನೆ. ತೀರಾ ಕೈಮೀರಿದರೆ ತುರ್ತು ಸಹಾಯದ ನಂಬರ್ 112 ಇದೆ.

ಇನ್ನೊಂದು ಗೊತ್ತಿರಲಿ. ಗಲಾಟೆ ಎರಡೇ ದಿನದಲ್ಲಿ ದಿಢೀರನೆ ಜಾಸ್ತಿಯಾದರೆ ಕಾಯಿಲೆ ಮುಂದುವರಿಯಿತು ಅಂತ ಸುಮ್ನೆ ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ಒಂದು ನೋವು ಇರಬಹುದು, ಅವರಿಗೆ ಹೇಳಲು ಬರುವುದಿಲ್ಲ. ನಮ್ಮವರಿಗೆ ಒಮ್ಮೆ ಹಾಗೇ ಆಗಿ, ಮೂತ್ರ ಪರೀಕ್ಷೆ ಮಾಡಿಸಿ ಔಷಧಿ ಕೊಟ್ಟಮೇಲೆ ಮೊದಲಿನ ಹಾಗಾದರು. ಈ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಮಾತ್ರೆಯನ್ನು ರಾತ್ರಿ ಕೊಟ್ಟರೆ ಕೆಲವರಿಗೆ ಕೆಟ್ಟ ಕನಸು, ನಿದ್ದೆಗೇಡು. ಡಾಕ್ಟರನ್ನು ಕೇಳಿ ಬೆಳಿಗ್ಗೆಗೆ ಬದಲಾಯಿಸಿದ ಮೇಲೆ ನನಗೂ ನಿದ್ದೆ ಸಿಕ್ಕಿತು.

ಸಂಜೆ "ಮನೆಗೆ ಹೋಗೋಣ ನಡಿ" ಶುರುವಾಗುತ್ತದೆ. ಇದೇ ನಮ್ಮ ಮನೆ ಅಂದರೆ ಜಗಳ. "ಹೋಗೋಣ ರೀ, ಇದನ್ನೊಂದು ಮುಗಿಸಿಕೊಡಿ" ಅಂತ ಮೊರದ ತುಂಬ ಅವರೆಕಾಯಿ ಮುಂದಿಡುತ್ತೇನೆ. ಅವರು ಒಂದೊಂದೇ ಸಿಪ್ಪೆ ಬಿಡಿಸಿ, ಕಾಳುಗಳನ್ನು ಐದೈದರ ಸಾಲು ಮಾಡಿ ಜೋಡಿಸುತ್ತಾ ಹೋಗುತ್ತಾರೆ, ಮೇಷ್ಟ್ರಲ್ವಾ. ಕತ್ತಲಾಗುವ ಮುಂಚೆಯೇ ಎಲ್ಲ ಲೈಟ್ ಹಾಕಿ ಪರದೆ ಎಳೆದುಬಿಡುತ್ತೇನೆ. ನೆರಳು ಕಂಡರೆ ಅವರಿಗೆ ಭಯ.

ಇನ್ನು ನನ್ನ ವಿಷಯ. ವಾರದಲ್ಲಿ ಒಂದೆರಡು ದಿನ ಅವರನ್ನು ಇಂಥವರನ್ನು ಹಗಲು ನೋಡಿಕೊಳ್ಳುವ ಡೇ ಕೇರ್‌ಗೆ ಬಿಡುತ್ತೇನೆ. ಆ ಹೊತ್ತಿನಲ್ಲಿ ಮನೆಕೆಲಸ ಮುಟ್ಟುವುದಿಲ್ಲ, ಮಲಗುತ್ತೇನೆ, ನನ್ನ ಬಿಪಿ ತೋರಿಸಿಕೊಂಡು ಬರುತ್ತೇನೆ. ಮಗಳ ಹತ್ತಿರ "ಏನಾದರೂ ಸಹಾಯ ಮಾಡು" ಅನ್ನುವ ಬದಲು "ಮಾತ್ರೆ ತರಿಸೋದು, ಬಿಲ್ ಕಟ್ಟೋದು ನಿಂದು" ಅಂತ ಹಂಚಿಬಿಟ್ಟೆ. ಅಳು ತಡೆಯದಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದ್ದೇನೆ, ಕನ್ನಡದಲ್ಲೇ ಮಾತಾಡಬಹುದು.

ಕಾಗದಪತ್ರದ ಕೆಲಸವನ್ನು ಅವರಿಗೆ ತಿಳುವಳಿಕೆ ಇರುವಾಗಲೇ ಮುಗಿಸಿ. ವಿಲ್, ಜಂಟಿ ಖಾತೆ, ನಾಮಿನಿ ಎಲ್ಲ. ಸಾಮಾನ್ಯವಾಗಿ ಪವರ್ ಆಫ್ ಅಟಾರ್ನಿ (ತಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ) ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಅದು ಕಾನೂನಿನ ಪ್ರಕಾರ ನಿಲ್ಲುವುದಿಲ್ಲ, ಆಮೇಲೆ ಅವರ ಪರವಾಗಿ ನಿರ್ಧಾರ ಮಾಡುವ ಗಾರ್ಡಿಯನ್ ಆಗಲು ಕೋರ್ಟಿಗೇ ಅಲೆಯಬೇಕು. ವಕೀಲರನ್ನು ಈಗಲೇ ಒಮ್ಮೆ ನೋಡಿ.